ಹರಿದ ಮೊದಲ ಇಂಚು

ರೋಲಾದ ಓಣಿಯೊಳಗೆ ಅಪ್ಪನ ಅಂಗಡಿ,
ಹಂಚಾಟೆ ಟೇಲರ್ಸ್, ಎಂಟಡಿ ಅಗಲ.
ಬೆಟಗೇರಿ ಬಿಟ್ಟು ಶಾರ್ಜಾಕ್ಕೆ ಬಂದವನ ಕೊರಳಲ್ಲಿ
ಸದಾ ಒಂದು ಟೇಪು,
ಅದಕ್ಕೆ ಮೊದಲ ಇಂಚು ಇರಲಿಲ್ಲ.
'ಹರದೈತಿ. ಒಂದು ಹೆಚ್ಚಿಗಿ ತೋರಸತೈತಿ, ನೆನಪಿರ್ಲಿ'
ಎನ್ನುತ್ತಿದ್ದ. ಹೊಸದು ಕೊಳ್ಳುತ್ತಿರಲಿಲ್ಲ.

ಒಮ್ಮೆ ತಾನೇ ಮರೆತ.
ಬಲೂಚಿ ಡ್ರೈವರನೊಬ್ಬನ ಮದುವೆಯ ಅಂಗಿ,
ಅಳತೆ ಚೀಟಿಯಲ್ಲಿ ಬಂದಿತ್ತು, ತೋಳು ಇಪ್ಪತ್ತನಾಲ್ಕು.
ಕತ್ತರಿ ಓಡಿದ್ದು ಇಪ್ಪತ್ತಮೂರಕ್ಕೆ.
ರಾತ್ರಿಯೆಲ್ಲ ಕೂತು ಬೇರೆ ಹೊಲಿದುಕೊಟ್ಟ.
ಕೆಟ್ಟದ್ದನ್ನು ಬಿಚ್ಚಲಿಲ್ಲ, ಬಿಸಾಡಲಿಲ್ಲ,
ಮಷೀನಿನ ಎದುರಿಗೇ ಮೊಳೆಗೆ ತೂಗುಹಾಕಿದ.
ಎಷ್ಟಕ್ಕೆ ಎಂದು ಕೇಳಿದವರಿಗೆ,
'ಅದು ಮಾರಾಕಲ್ಲ, ನೋಡಾಕ.'
ನನಗಾಗ ಹನ್ನೊಂದು. ನಾಚಿಕೆಯಾಗುತ್ತಿತ್ತು.

ಮೊನ್ನೆ ಜುಲೈ ರಾತ್ರಿ, ರಾಸ್ ಅಲ್ ಖೈಮಾಕ್ಕೆ ಇಳಿಯುತ್ತಿದ್ದೆ.
ಕೊಲ್ಲಿಯ ಗಾಳಿ ಬೆಂದು ತೆಳ್ಳಗಾಗಿ
ಒತ್ತಡ ಒಂಬೈನೂರ ತೊಂಬತ್ತಾರಕ್ಕೆ ಕುಸಿದಿತ್ತು.
ಮೇಲೆ ಹಾರುವಾಗ ಎಲ್ಲರಿಗೂ ಒಂದೇ ಲೆಕ್ಕ, ಸಾವಿರದ ಹದಿಮೂರು;
ಇಳಿಯುವಾಗ ಗುಬುಟು ತಿರುಗಿಸಿ
ಊರಿನ ಲೆಕ್ಕಕ್ಕೆ ಬರಬೇಕು.
ಆ ಹೊತ್ತಿಗೇ ಕಂಟ್ರೋಲಿನವ ರನ್‌ವೇ ಬದಲಿಸಿದ.
ಹೊಸ ನಕ್ಷೆ, ಹೊಸ ದಿಕ್ಕು, ಇಂಧನದ ಗುಣಾಕಾರ.
ಶಮ್ಸಾ ಚೆಕ್‌ಲಿಸ್ಟು ಓದಿದಳು. 'ಸೆಟ್' ಅಂದೆ.
'ಸೆಟ್' ಅಂದಳು ಅವಳೂ, ನನ್ನ ಬಾಯಿ ನಂಬಿ.
ಹದಿನಾರು ಸಾವಿರ ಗಂಟೆ ಹಾರಿದ ಬಾಯಿ ಅದು.
ಕೈ ಮಾತ್ರ ತೊಡೆಯ ಮೇಲೇ ಇತ್ತು.

ಮೂರು ಸಾವಿರ ಅಡಿ ಎಂದು ತೋರಿತು ಮಾಪಕ.
ಅದೇ ಗಳಿಗೆಗೆ, ತಳ ಅಳೆಯುವ ರೇಡಿಯೋ
ಎರಡು ಸಾವಿರದ ಐನೂರು ಎಂದು ಕೂಗಿತು.
ಭಾವವಿಲ್ಲದ ಆ ದನಿ
ದಿನಾ ಕೇಳುವಂಥದ್ದು. ಅದಕ್ಕೇ ಕೇಳಿಸಲಿಲ್ಲ.

ಅವಳಿಗೆ ಕೇಳಿಸಿತು.
ಎಂಟು ತಿಂಗಳ ಹಿಂದಷ್ಟೇ ಆ ಸೀಟಿಗೆ ಬಂದವಳು
ಮೊದಲು ಗಂಟಲು ಸರಿ ಮಾಡಿಕೊಂಡಳು,
ಎರಡು ಸೆಕೆಂಡು:
ನನ್ನ ತೋಳಿನ ನಾಲ್ಕು ಪಟ್ಟಿಗೆ ಅವಳು ತೆತ್ತ ಸುಂಕ.
ಆಮೇಲೆ,
'ಕ್ಯಾಪ್ಟನ್, ಸಮುದ್ರಕ್ಕೆ ಗುಡ್ಡ ಇರುವುದಿಲ್ಲವಲ್ಲ?'

ಕೆಳಗೆ ಮೀನುದೋಣಿಗಳ ಹಸಿರು ದೀಪ,
ದೀಪದ ಪಕ್ಕ ಕತ್ತಲು,
ಎರಡೂ ಇರಬೇಕಾದ್ದಕ್ಕಿಂತ ಹತ್ತಿರ.
ಥ್ರಾಟಲು ನೂಕಿದೆ. ಮೂಗೆತ್ತಿ ಮೇಲೇರಿದೆವು.
ಗುಬುಟು ತಿರುಗಿತು, ಕಿರ್ ಕಿರ್, ಹದಿನೇಳು ಹಲ್ಲು.
ಒಂದು ಸುತ್ತು ಹಾಕಿಬಂದು ಇಳಿದೆವು.
ಹಿಂದೆ ನೂರ ಅರವತ್ತೆರಡು ಜನ;
ಒಂದು ಮಗು ಅತ್ತಿತ್ತಂತೆ,
ಯಾರೋ ತಡವಾಯಿತೆಂದು ಗೊಣಗಿದರಂತೆ.
ಬಾಗಿಲಲ್ಲಿ ನಿಂತು ಎಲ್ಲರಿಗೂ ಶುಭರಾತ್ರಿ ಹೇಳಿದೆ.

ವರದಿಯ ಹಾಳೆಗೆ ಹೆಸರು ಕಡ್ಡಾಯವಲ್ಲ.
ಮೊದಲು ಬರೆದೆ: ರನ್‌ವೇ ಬದಲಾವಣೆ, ಮಬ್ಬು, ಕೆಲಸದ ಒತ್ತಡ.
ಎಲ್ಲವೂ ನಿಜ. ಅಷ್ಟು ನಿಜ ಸಾಕಿತ್ತು ಅಡಗಿಕೊಳ್ಳಲು.
ಹೊಡೆದುಹಾಕಿದೆ.
'ಸೆಟ್ ಎಂದೆ. ಮಾಡಿರಲಿಲ್ಲ.'
ಕೆಳಗೆ ಹೆಸರು, ಅಪ್ಪನ ಅಡ್ಡಹೆಸರಿನ ಸಮೇತ.
'ನಾನೂ ಎಂದೆ, ನಾನೂ ನೋಡಲಿಲ್ಲ'
ಎಂದು ಶಮ್ಸಾ ಸೇರಿಸಿದಳು, ಬೇಡವೆಂದರೂ.

ಕ್ಯಾಂಟೀನಿನಲ್ಲಿ ಒಂದು ಮೇಜು ಮಾತು ನಿಲ್ಲಿಸಿತು.
ಲಿಫ್ಟಿನ ಬಳಿ ಒಬ್ಬ ಹಿರಿಯ ಹಿಂದಿನಿಂದ ಬಂದು
'ಬಹ್ರೇನಿನಲ್ಲಿ, ನನಗೂ, ಆರು ವರ್ಷವಾಯಿತು' ಎಂದ,
ಬಾಗಿಲು ಮುಚ್ಚುವ ಮುಂಚೆ
'ಯಾರಿಗೂ ಹೇಳಿಲ್ಲ' ಎಂದ.

ಅಂಗಡಿಯ ಜಾಗದಲ್ಲೀಗ ಮೊಬೈಲು ರಿಪೇರಿ.
ಅಂಗಿ ನನ್ನ ಕಪಾಟಿನಲ್ಲಿದೆ,
ಬಿಳುಪೆಲ್ಲ ಚಹದ ಬಣ್ಣಕ್ಕೆ ತಿರುಗಿ.
ಇವತ್ತು ತೊಟ್ಟುಕೊಂಡೆ. ಎದೆಗೆ ಸರಿ, ಹೆಗಲಿಗೆ ಸರಿ.
ಬಲತೋಳು ಮಣಿಕಟ್ಟಿಗೆ ಮುಂಚೆಯೇ ನಿಂತಿತು,
ಅದರಾಚೆ ಒಂದಿಷ್ಟು ಬರಿಯ ಚರ್ಮ.
ಅವನದೇ ಟೇಪು ಹಿಡಿದು ಅಳೆದೆ.
ಎರಡು ಇಂಚು ಎಂದಿತು.
ಒಂದು ಕಳೆದೆ.